ಕರಟದ ಇದ್ದಿಲು ಥಿನ್ನರ್ ಆವಿಯನ್ನು ಹಿಡಿದಿಡಬಲ್ಲದೇ?

ಪ್ರಶ್ನೆ (ತಿಪಟೂರು ತಾಲ್ಲೂಕಿನ ಓದುಗರು)

ನಮ್ಮ ಮನೆಗೆ ಹೊಂದಿಕೊಂಡ ಷೆಡ್ಡಿನಲ್ಲಿ ಅಣ್ಣ ಮರದ ಸಾಮಾನುಗಳಿಗೆ ಸ್ಪ್ರೇ ಪಾಲಿಶ್ ಮಾಡುತ್ತಾರೆ. ದಿನಕ್ಕೆ ಸುಮಾರು ಎರಡು ಲೀಟರ್ ಥಿನ್ನರ್ ಖರ್ಚಾಗುತ್ತದೆ. ಸಂಜೆಯ ಹೊತ್ತಿಗೆ ಅದರ ವಾಸನೆ ಅಡುಗೆಮನೆಯವರೆಗೂ ಬರುವುದರಿಂದ ಅಮ್ಮನಿಗೆ ತಲೆನೋವು ಶುರುವಾಗಿದೆ. ಉಂಡೆ ಕೊಬ್ಬರಿ ತೆಗೆದ ಮೇಲೆ ಉಳಿದ ಕರಟ ಹಿತ್ತಲಲ್ಲಿ ರಾಶಿ ಬಿದ್ದಿದೆ. ಅದನ್ನು ಸುಟ್ಟು ಇದ್ದಿಲು ಮಾಡಿ, ಜಾಲರಿ ತಟ್ಟೆಯಲ್ಲಿ ಹರಡಿ ಫ್ಯಾನಿನ ಮುಂದಿಟ್ಟರೆ ಗಾಳಿ ಶುದ್ಧವಾಗುವುದೇ? ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ಕಚ್ಚಾವಸ್ತುವಿನ ವಿಷಯದಲ್ಲಿ ನಿಮ್ಮ ಯೋಚನೆ ಸರಿಯಾಗಿದೆ. ಗಟ್ಟಿಯಾದ ಕರಟದಿಂದ ಬರುವ ಇಂಗಾಲದಲ್ಲಿ 2 ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳು ಹೇರಳವಾಗಿರುತ್ತವೆ, ಅನಿಲದ ಅಣುಗಳು ಸಿಕ್ಕಿಕೊಳ್ಳುವುದು ಅಂಥ ರಂಧ್ರಗಳಲ್ಲಿಯೇ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗಾಗಿ ಅಮೆರಿಕದಲ್ಲಿ ತೆಂಗಿನ ಕರಟವನ್ನಷ್ಟೇ ಅಲ್ಲದೆ, ಅದು ಸಾಲದೆ ಹೋದಾಗ ಜನರು ತಿಂದೆಸೆದ ಪೀಚ್ ಹಣ್ಣಿನ ಓಟೆಗಳನ್ನೂ ಕೂಡಿಹಾಕಿದ್ದರು.

ಆದರೆ ಗುಂಡಿಯಲ್ಲಿ ಸುಟ್ಟ ಇದ್ದಿಲು ಆ ಮುಖವಾಡದ ಇಂಗಾಲವಲ್ಲ. ಅದರ ಬಹುಪಾಲು ರಂಧ್ರಗಳು ಟಾರಿನಿಂದ ಮುಚ್ಚಿಹೋಗಿರುತ್ತವೆ. ಕಾರ್ಖಾನೆಯಲ್ಲಿ ಅದೇ ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಾವಿಗೆ ಒಡ್ಡಿದಾಗ, ಆವಿಯು ಇಂಗಾಲವನ್ನು ಸ್ವಲ್ಪ ಸ್ವಲ್ಪವೇ ಕೊರೆದು ರಂಧ್ರಗಳನ್ನು ತೆರೆಯುತ್ತದೆ. ಹೀಗೆ ಸಿದ್ಧವಾದ ಸಕ್ರಿಯ ಇಂಗಾಲದ ಒಂದು ಗ್ರಾಂನ ಒಳಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಎಂದರೆ ಹತ್ತು ಗುಂಟೆ ಜಮೀನಿನಷ್ಟಾಗುತ್ತದೆ. ಈ ಹಂತವನ್ನು ಹಿತ್ತಲಲ್ಲಿ ಮಾಡಲಾಗದು. ಕರಟವನ್ನು ಇದ್ದಿಲಿನವರಿಗೆ ಮಾರಿ, ಹರಳು ರೂಪದ ಸಕ್ರಿಯ ಇಂಗಾಲವನ್ನು ಕೊಳ್ಳುವುದೇ ಮೇಲು.

ಇನ್ನು ಪ್ರಮಾಣದ ಲೆಕ್ಕವನ್ನು ದಯವಿಟ್ಟು ಗಮನವಿಟ್ಟು ನೋಡಿ. ಇಂಗಾಲವು ಥಿನ್ನರಿನ ಟಾಲೂಯಿನ್‌ನಂಥ ದ್ರಾವಕಗಳನ್ನು ನಾಶ ಮಾಡುವುದಿಲ್ಲ, ಕೇವಲ ತನ್ನ ಮೇಲ್ಮೈಯಲ್ಲಿ ಹಿಡಿದಿಡುತ್ತದೆ. ತನ್ನ ತೂಕದ ಹತ್ತನೆಯ ಒಂದು ಪಾಲನ್ನು ಹಿಡಿಯುತ್ತದೆಂದು ಇಟ್ಟುಕೊಂಡರೂ, ಎರಡು ಲೀಟರ್ ಥಿನ್ನರ್, ಎಂದರೆ ಸುಮಾರು 1.7 ಕಿಲೋ ಆವಿಗೆ, ದಿನವೊಂದಕ್ಕೇ 17 ಕಿಲೋ ಇಂಗಾಲ ಬೇಕು. ತಟ್ಟೆಯಲ್ಲಿ ಹರಡಿದ ಎರಡು ಕಿಲೋ ಮಧ್ಯಾಹ್ನಕ್ಕೆ ಮುಂಚೆಯೇ ತುಂಬಿಹೋಗುತ್ತದೆ. ಮಳೆಗಾಲದ ತೇವವೂ ಅದೇ ರಂಧ್ರಗಳಿಗೆ ಪೈಪೋಟಿ ನಡೆಸುತ್ತದೆ. ಆದುದರಿಂದ ಷೆಡ್ಡಿನ ಗಾಳಿಯನ್ನು ಮನೆಗೆ ವಿರುದ್ಧ ದಿಕ್ಕಿನಲ್ಲಿ, ಎತ್ತರದ ಕೊಳವೆಯ ಮೂಲಕ ಹೊರಹಾಕುವುದು ಮೊದಲ ಕೆಲಸ. ಅಡುಗೆಮನೆಗೆ ನುಸುಳುವ ಅಲ್ಪಸ್ವಲ್ಪ ಆವಿಗೆ ಮಾತ್ರ ಇಂಗಾಲವನ್ನು ನೆಚ್ಚಬಹುದು.

ಉತ್ತರ 2

ವಾಹನಗಳಿಗೆ ಬಣ್ಣ ಹೊಡೆಯುವ ಕಡೆ ಹಲವು ವರ್ಷ ದುಡಿದವನಾಗಿ ಎರಡು ಮಾತು ಸೇರಿಸುತ್ತೇನೆ. ಸ್ಪ್ರೇಯಿಂದ ಹಾರುವ ಪಾಲಿಶ್ ಹನಿಗಳನ್ನು ಮೊದಲೇ ಬೇರೊಂದು ಫಿಲ್ಟರಿನಲ್ಲಿ ತಡೆಯದಿದ್ದರೆ, ಅವು ಇಂಗಾಲದ ಹರಳುಗಳ ಮೇಲೆ ಪದರಗಟ್ಟಿ ಅದನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತವೆ. ಬಳಸಿದ ಇಂಗಾಲವನ್ನು ಬಿಸಿಲಿಗೆ ಹರಡಿ ಪುನಃ ಉಪಯೋಗಿಸಲು ದಯವಿಟ್ಟು ಹೋಗಬೇಡಿ; ಬಿಸಿ ತಾಗಿದೊಡನೆ ಹಿಡಿದಿಟ್ಟ ಆವಿಯೇ ಹೊರಬರುತ್ತದೆ. ಥಿನ್ನರಿನಲ್ಲಿ ಅಸಿಟೋನಿನಂಥ ಕೀಟೋನುಗಳಿದ್ದರೆ ಇಂಗಾಲದ ರಾಶಿ ತಾನಾಗಿಯೇ ಕಾದು ಹೊತ್ತಿಕೊಳ್ಳುವ ಅಪಾಯವೂ ಉಂಟು. ಅದನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ, ಮನೆಯಿಂದ ದೂರವಿಡಬೇಕು. ಷೆಡ್ಡಿನ ಎಕ್ಸಾಸ್ಟ್ ಫ್ಯಾನಿನ ಮೋಟಾರು ಕಿಡಿ ಹಾರಿಸದ ಬಗೆಯದ್ದಾಗಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. 17 ಕಿಲೋ ಎಂಬ ಲೆಕ್ಕವನ್ನು ಅಣ್ಣನಿಗೆ ತೋರಿಸಿದೆ, ಅವರು ಹಿಂಬದಿಯ ಗೋಡೆಯಲ್ಲಿ ಕೊಳವೆ ಹಾಕಿಸಲು ಒಪ್ಪಿದ್ದಾರೆ. ಇನ್ನೊಂದು ಸಂದೇಹವಿದೆ: ಕರೆಂಟ್ ಹೋದಾಗ ಷೆಡ್ಡಿನೊಳಗೇ ಜನರೇಟರ್ ಓಡಿಸುತ್ತೇವೆ. ಅದರ ಹೊಗೆಗಾದರೂ ಈ ಇಂಗಾಲ ಆದೀತೇ?

ಉತ್ತರ 1 ಬರೆದವರು

ಖಂಡಿತ ಆಗದು. ಜನರೇಟರ್ ಹೊಗೆಯಲ್ಲಿ ಪ್ರಾಣಕ್ಕೆ ಕುತ್ತು ತರುವುದು ಕಾರ್ಬನ್ ಮಾನಾಕ್ಸೈಡ್. ಸಾಮಾನ್ಯ ಉಷ್ಣತೆಯಲ್ಲಿ ಸಕ್ರಿಯ ಇಂಗಾಲ ಅದನ್ನು ಹಿಡಿಯುವುದೇ ಇಲ್ಲ. ಅದಕ್ಕೆ ವಾಸನೆಯೂ ಇಲ್ಲವಾದ್ದರಿಂದ, ಇಂಗಾಲವು ಹೊಗೆಯ ಕಮಟನ್ನು ಕಡಿಮೆ ಮಾಡಿದರೆ ಗಾಳಿ ಚೆನ್ನಾಗಿದೆಯೆಂಬ ತಪ್ಪು ಭರವಸೆ ಮಾತ್ರ ಹುಟ್ಟೀತು. ಥಿನ್ನರ್ ಆವಿ ತುಂಬಿದ ಜಾಗದಲ್ಲಿ ಇಂಜಿನ್ ಓಡಿಸುವುದರಿಂದ ಬೆಂಕಿಯ ಭಯವೂ ಇದೆ. ಜನರೇಟರನ್ನು ಇಂದೇ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರಕ್ಕೆ ಸಾಗಿಸಿ.