ಸಣ್ಣ ಗೈಡುಗಳ ರಾಡ್: ದಾರದ ಬಣ್ಣ ಮಂಕಾಯಿತು, ಎಪಾಕ್ಸಿ ಒಣಗುತ್ತಿಲ್ಲ

ತುಂಗೆಯ ದಡದವನು (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ವಾಟೆ ಕೋಲಿಗೆ ತಂಗೂಸಿ ಕಟ್ಟಿ ಗಾಳ ಹಾಕುತ್ತ ಬೆಳೆದವನು ನಾನು. ಅಂಗಡಿಯಿಂದ ತಂದ ರಾಡಿನ ತುದಿ ಭಾರವೆನಿಸುತ್ತಿದ್ದುದರಿಂದ, ಈ ಮಳೆಗಾಲದಲ್ಲಿ ಹೊರಗೆ ಕೆಲಸವಿಲ್ಲದ ದಿನಗಳನ್ನು ನೋಡಿಕೊಂಡು ನನ್ನ ಕೈಯಾರೆ ಒಂದು ರಾಡ್ ಕಟ್ಟಲು ಕುಳಿತೆ. 7 ಅಡಿಯ ಎರಡು ತುಂಡಿನ ಕಾರ್ಬನ್ ಬ್ಲಾಂಕ್ (ಏನೂ ಜೋಡಿಸದ ಬರಿಯ ಕೋಲು), 2500 ಗಾತ್ರದ ಸ್ಪಿನ್ನಿಂಗ್ ರೀಲ್, 20 ಪೌಂಡಿನ ಬ್ರೇಡ್ (ಹೆಣೆದ ಗಾಳದ ದಾರ) ನನ್ನ ಬಳಿ ಇವೆ. ಬ್ರೇಡ್ ಹಾಯುವ ಉಂಗುರಗಳಾದ ಗೈಡುಗಳಲ್ಲಿ 20, 10 ಮತ್ತು 5.5 ಗಾತ್ರದವು ಒಂದೊಂದು, ಉಳಿದ ಆರೂ 4ರ ಗಾತ್ರದವು.

ತುದಿಯ ತುಂಡಿಗೆ ನಾಲ್ಕು ಸಣ್ಣ ಗೈಡುಗಳನ್ನು ಹಳದಿ ನೈಲಾನ್ ದಾರದಿಂದ ಸುತ್ತಿ ಮುಗಿಸಿದೆ. ಸುತ್ತುವಾಗ ಅರಿಶಿನದಂತೆ ಹೊಳೆಯುತ್ತಿದ್ದ ದಾರ, ಅದನ್ನು ಭದ್ರಪಡಿಸುವ ಎಪಾಕ್ಸಿ ಅಂಟು ಬಳಿದ ಐದೇ ನಿಮಿಷದಲ್ಲಿ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತು. ಈಗ ಒಳಗಿನ ಗೈಡಿನ ಕಾಲು ಸಹ ಕಾಣುತ್ತಿದೆ. ಅದು ಹೋಗಲಿ ಎಂದರೆ, ನಾಲ್ಕು ದಿನ ಕಳೆದರೂ ಎಪಾಕ್ಸಿ ಗಟ್ಟಿಯಾಗಿಲ್ಲ, ಬೆರಳಿಟ್ಟರೆ ಗುರುತು ಮೂಡುತ್ತದೆ. ಒಂದು ಗೈಡಿನ ಕೆಳಗೆ ಹನಿ ಇಳಿದು ಹಾಗೆಯೇ ನಿಂತಿದೆ. ಹತ್ತು ನಿಮಿಷಕ್ಕೊಮ್ಮೆ ಕೈಯಿಂದ ತಿರುಗಿಸುತ್ತಿದ್ದೆ, ನಡುವೆ ನಿದ್ದೆ ಬಂದುಬಿಟ್ಟಿತು. ಎಲ್ಲವನ್ನೂ ಕತ್ತರಿಸಿ ತೆಗೆಯಬೇಕೇ, ಉಳಿಸಿಕೊಳ್ಳಲು ದಾರಿಯಿದೆಯೇ? ಬುಡದ ತುಂಡನ್ನು ಇನ್ನೂ ಮುಟ್ಟಿಲ್ಲವಾದ್ದರಿಂದ ಗೈಡುಗಳ ಅಂತರದ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.

ಹಿನ್ನೀರಿನ ಗಾಳ (ಸಾಗರ)

ಕತ್ತರಿಸಲು ಅವಸರ ಮಾಡಬೇಡಿ. ಮೊದಲು ಎಪಾಕ್ಸಿ ಕಲಸಿದ ಬಟ್ಟಲನ್ನು ಹುಡುಕಿ ನೋಡಿ, ಎಸೆದಿಲ್ಲವೆಂದುಕೊಂಡಿದ್ದೇನೆ. ಅದರ ತಳದಲ್ಲಿ ಉಳಿದದ್ದು ಉಗುರಿಗೆ ಜಗ್ಗದಷ್ಟು ಗಟ್ಟಿಯಾಗಿದ್ದರೆ ನಿಮ್ಮ ಅಳತೆ ಸರಿಯಿದೆ ಎಂದೂ, ದೋಷ ರಾಡಿನ ಮೇಲ್ಮೈಯಲ್ಲಿದೆ ಎಂದೂ ತಿಳಿಯಬಹುದು. ಅದೂ ಮೆತ್ತಗಿದ್ದರೆ ರಾಳ ಮತ್ತು ಗಟ್ಟಿಕಾರಕ ಸಮನಾಗಿ ಬಿದ್ದಿಲ್ಲ, ಇಲ್ಲವೇ ಸರಿಯಾಗಿ ಬೆರೆತಿಲ್ಲ. ರಾಡಿಗೆ ಬಳಸುವ ಎಪಾಕ್ಸಿಗಳಲ್ಲಿ ಹೆಚ್ಚಿನವು ಪ್ರಮಾಣದಲ್ಲಿ ಒಂದಕ್ಕೆ ಒಂದು. ನಾವು ಕಲಸುವುದೇ ಮೂರು ಮೂರು ಮಿಲಿಲೀಟರ್ ಆಗಿರುವಾಗ, ಅಳತೆಯಲ್ಲಿ ಕಾಲು ಮಿಲಿಲೀಟರ್ ತಪ್ಪಿದರೂ ಅದು ನೂರಕ್ಕೆ ಎಂಟರಷ್ಟಾಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್ ಇಟ್ಟುಕೊಂಡು, ಅವುಗಳ ಮೇಲೆ ಗುರುತು ಬರೆದು, ಬಟ್ಟಲಿನ ಗೋಡೆಯನ್ನೂ ತಳವನ್ನೂ ಕೆರೆಯುತ್ತ ಎರಡು ಮೂರು ನಿಮಿಷ ನಿಧಾನವಾಗಿ ಕಲಸಬೇಕು. ಮೇಣದ ಲೇಪವಿರುವ ಕಾಗದದ ಲೋಟವನ್ನು ಮಾತ್ರ ಬಳಸಬೇಡಿ.

ಬಟ್ಟಲಿನಲ್ಲಿ ಗಟ್ಟಿಯಾಗಿದ್ದು ರಾಡಿನ ಮೇಲಷ್ಟೇ ಜಿಡ್ಡಿನಂತೆ ಅಂಟುತ್ತಿದ್ದರೆ ಅದಕ್ಕೆ ನಮ್ಮ ಮಳೆಯೇ ಕಾರಣ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಿಮ್ಮ ತಾಲ್ಲೂಕಿನದೇ ಅಲ್ಲವೇ! ಗಾಳಿಯ ತೇವ ಗಟ್ಟಿಕಾರಕದೊಂದಿಗೆ ಸೇರಿ ಮೇಲೆ ಒಂದು ತೆಳುವಾದ ಜಿಡ್ಡಿನ ಪೊರೆ ಕಟ್ಟುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಅದು ಹೋಗುತ್ತದೆ. ಒಳಗಿನವರೆಗೂ ಮೆತ್ತಗಿರುವುದಾದರೂ ಗಾಬರಿ ಬೇಡ. ಸರಿಯಾದ ಅಳತೆಯಲ್ಲಿ ಹೊಸದಾಗಿ ಕಲಸಿ, ಅದರ ಮೇಲೆಯೇ ಇನ್ನೊಂದು ತೆಳು ಪದರ ಬಳಿದರೆ ಸಾಮಾನ್ಯವಾಗಿ ಎರಡೂ ಸೇರಿ ಗಟ್ಟಿಯಾಗುತ್ತವೆ. ಇನ್ನೂ ನೀರಾಗಿ ಹರಿಯುವಂತಿದ್ದರೆ ಮಾತ್ರ ದಾರ ಬಿಚ್ಚಬೇಕಾಗುತ್ತದೆ.

ತಿರುಗಿಸುವ ಕೆಲಸವನ್ನು ಕೈಗೆ ಬಿಡಬೇಡಿ. ಕೆಟ್ಟ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟರ್ ನಿಮಿಷಕ್ಕೆ ಐದಾರು ಸುತ್ತು ಬರುತ್ತದೆ, ಇದಕ್ಕೆ ಅಷ್ಟು ಸಾಕು. ನಾನು ಅದನ್ನೇ ಒಂದು ಮರದ ತುಂಡಿಗೆ ಜೋಡಿಸಿ, ರಾಡಿನ ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ, ಒಳಗೆ 60 ವ್ಯಾಟಿನ ಹಳೆಯ ಬಲ್ಬೊಂದನ್ನು ರಟ್ಟಿಗೂ ರಾಡಿಗೂ ತಾಗದಂತೆ ದೂರದಲ್ಲಿ ಉರಿಸುತ್ತೇನೆ. ಮೊದಲ ವರ್ಷ ಅಡಿಕೆಯಂತೆಯೇ ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಮಸಿಯೂ ಬೂದಿಯೂ ಅಂಟಿಕೊಂಡ ರಾಡನ್ನು ಕೆಳಗಿಳಿಸಿದ ಅನುಭವ ನನಗಿದೆ. ಗುಳ್ಳೆಗಳು ಎದ್ದರೆ ಬಾಯಿಂದ ಊದಬೇಡಿ, ಉಸಿರಿನಲ್ಲಿಯೂ ತೇವವಿರುತ್ತದೆ. ಸ್ಪಿರಿಟ್ ದೀಪದ ಜ್ವಾಲೆಯನ್ನು ಕೆಳಗಿನಿಂದ ಒಮ್ಮೆ ಸರ್ರನೆ ಹಾಯಿಸಿದರೆ ಅವು ಒಡೆಯುತ್ತವೆ.

ಬಣ್ಣದ ವಿಷಯದಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸಾಮಾನ್ಯ ನೈಲಾನ್ ದಾರ ಎಪಾಕ್ಸಿಯನ್ನು ಹೀರಿಕೊಂಡಾಗ ಪಾರದರ್ಶಕವಾಗುತ್ತದೆ. ಹಳದಿ, ಬಿಳಿಯಂಥ ತಿಳಿಬಣ್ಣಗಳಲ್ಲಿ ಕೆಳಗಿನ ಕಪ್ಪು ಬ್ಲಾಂಕ್ ಇಣುಕುತ್ತದೆ. ಎನ್‌ಸಿಪಿ (ನೋ ಕಲರ್ ಪ್ರಿಸರ್ವರ್) ಎಂಬ ಗುರುತಿನ ದಾರ ಕೊಂಡರೆ ಈ ತೊಂದರೆಯಿಲ್ಲ. ಮಾಮೂಲಿ ದಾರವೇ ಬೇಕೆಂದರೆ ಎಪಾಕ್ಸಿಗೆ ಮುಂಚೆ ಬಣ್ಣ ಕಾಯುವ ದ್ರವವಾದ ಕಲರ್ ಪ್ರಿಸರ್ವರ್ ಹಚ್ಚಿ, ಈ ಹವೆಯಲ್ಲಿ ಕನಿಷ್ಠ ಒಂದು ದಿನವಾದರೂ ಒಣಗಲು ಬಿಡಿ. ಸುತ್ತುವ ಮೊದಲು ಕೈ ತೊಳೆಯುವುದು ಬಹಳ ಮುಖ್ಯ: ಅಡಿಕೆ ಚೊಗರು ಅಂಟಿದ ಬೆರಳುಗಳಿಂದ ಬಿಳಿ ದಾರ ಸುತ್ತಿದವನ ರಾಡ್ ಹೇಗಿರುತ್ತದೆಂದು ನೋಡಬೇಕಿದ್ದರೆ ನಮ್ಮ ಮನೆಗೆ ಬನ್ನಿ.

ಕೆರೆ ಏರಿಯವರು (ಶಿಕಾರಿಪುರ)

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಯಾವ ನೀರಿಗಾಗಿ ರಾಡ್ ಕಟ್ಟುತ್ತಿದ್ದೀರೆಂದು ಇಬ್ಬರೂ ಹೇಳಲಿಲ್ಲ. ಲಿಂಗನಮಕ್ಕಿಯ ತೆರೆದ ಹಿನ್ನೀರಿನಲ್ಲಿ 4ರ ಗೈಡುಗಳು ಸೊಗಸಾಗಿ ಕೆಲಸ ಮಾಡುತ್ತವೆ. ನಮ್ಮ ಕಡೆಯ ಕೆರೆಗಳಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆ ಎಸೆಯುವವರಿಗೆ ಅವೇ ಶತ್ರು. ಬ್ರೇಡಿಗೆ ಅಂಟಿ ಬಂದ ಪಾಚಿ ತುದಿಯ ಉಂಗುರಗಳಲ್ಲಿ ಗಂಟಲು ಕಟ್ಟಿದಂತೆ ನಿಲ್ಲುತ್ತದೆ, ಹತ್ತು ಎಸೆತಕ್ಕೊಮ್ಮೆ ಕಡ್ಡಿಯಿಂದ ಕೆದಕುತ್ತ ಕೂರಬೇಕು. ಗೈಡಿನ ಸಂಖ್ಯೆ ಉಂಗುರದ ಹೊರ ವ್ಯಾಸದ ಮಿಲಿಮೀಟರ್ ಲೆಕ್ಕವೆಂಬುದನ್ನು ಮರೆಯಬೇಡಿ, ದಾರ ಹಾಯುವ ಒಳಗಿನ ತೂತು ಅದಕ್ಕಿಂತ ಚಿಕ್ಕದು. ಬ್ರೇಡಿನ ತುದಿಗೆ ಕಟ್ಟುವ ಲೀಡರ್ ದಾರದ ಗಂಟೂ ಅದೇ ತೂತಿನಲ್ಲಿ ಹಾಯಬೇಕು. ಎಫ್‌ಜಿ ಗಂಟು ತೆಳ್ಳಗಿರುವುದರಿಂದ ನುಸುಳುತ್ತದೆ, ಡಬಲ್ ಯೂನಿ ಗಂಟು ಟಕ್ಕೆಂದು ಬಡಿಯುತ್ತದೆ. ಗೈಡ್ ಸುತ್ತುವ ಮೊದಲೇ ನೀವು ಬಳಸುವ ಗಂಟನ್ನು ಹಾಕಿ ಉಂಗುರದೊಳಗೆ ಎಳೆದು ನೋಡಬೇಕಿತ್ತು.

ತುಂಗೆಯ ದಡದವನು (ತೀರ್ಥಹಳ್ಳಿ)

ಇಬ್ಬರಿಗೂ ಧನ್ಯವಾದಗಳು. ಬಟ್ಟಲು ಸಿಕ್ಕಿತು, ಅದರಲ್ಲಿಯೂ ಮೆತ್ತಗೇ ಇದೆ. ಎರಡು ಶೀಶೆಗಳಿಗೂ ಒಂದೇ ಸಿರಿಂಜ್ ಬಳಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ನಾನು ಹೋಗುವುದು ಹೆಚ್ಚಾಗಿ ಹಿನ್ನೀರಿಗೆ, ಗಂಟು ಎಫ್‌ಜಿಯದೇ, ಆದ್ದರಿಂದ 4ರಲ್ಲಿಯೇ ಮುಂದುವರಿಯುತ್ತೇನೆ. ಬುಡದ ತುಂಡಿನ ದೊಡ್ಡ ಗೈಡುಗಳನ್ನು ಎಲ್ಲಿಡಬೇಕೆಂಬುದು ಮಾತ್ರ ಇನ್ನೂ ತಿಳಿಯಲಿಲ್ಲ.

ಹಿನ್ನೀರಿನ ಗಾಳ (ಸಾಗರ)

ಸ್ಪಿನ್ನಿಂಗ್ ರೀಲಿನಿಂದ ದಾರ ದೊಡ್ಡ ಸುರುಳಿಗಳಾಗಿ ಹೊರಬರುತ್ತದೆ; ದೊಡ್ಡ ಗೈಡುಗಳ ಕೆಲಸ ಆ ಸುರುಳಿಗಳನ್ನು ಬೇಗ ಪಳಗಿಸಿ ಸಣ್ಣ ಗೈಡುಗಳಿಗೆ ನೇರವಾಗಿ ಒಪ್ಪಿಸುವುದು. ರೀಲನ್ನು ಸೀಟಿಗೆ ಕೂರಿಸಿ, ದಾರ ಸುತ್ತಿಕೊಂಡಿರುವ ಸ್ಪೂಲಿನ ನಡುವಿನ ಅಚ್ಚಿನ ನೇರಕ್ಕೆ ಒಂದು ದಾರವನ್ನು ಬಿಗಿದು ಹಿಡಿದರೆ ಅದು ಮುಂದೆಲ್ಲೋ ಬ್ಲಾಂಕನ್ನು ಮುಟ್ಟುತ್ತದೆ. 5.5ರ ಗೈಡನ್ನು ಆ ಜಾಗದಲ್ಲಿಡಿ. 20ರದ್ದನ್ನು ಸ್ಪೂಲಿನ ಮುಖದಿಂದ ಸುಮಾರು 20 ಅಂಗುಲ ಮುಂದಕ್ಕೆ, 10ರದ್ದನ್ನು ಇವೆರಡರ ನಡುವೆ ಇಡಿ. ತುದಿಯ ಕಡೆ ಮೊದಲ ಗೈಡ್ ಟಿಪ್ ಟಾಪಿನಿಂದ (ರಾಡಿನ ತುತ್ತತುದಿಯ ಉಂಗುರದಿಂದ) ನಾಲ್ಕು ಅಂಗುಲ ಹಿಂದಿದ್ದು, ಅಲ್ಲಿಂದ ಹಿಂದಕ್ಕೆ ಅಂತರ ಸ್ವಲ್ಪ ಸ್ವಲ್ಪವೇ ಹೆಚ್ಚಬೇಕು.

ಇವೆಲ್ಲ ಆರಂಭದ ಅಳತೆಗಳು ಮಾತ್ರ. ಗೈಡುಗಳನ್ನು ಮಾಸ್ಕಿಂಗ್ ಟೇಪಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ದಾರ ಪೋಣಿಸಿ, ತುದಿಯನ್ನು ನೆಲದಲ್ಲಿ ಭಾರಕ್ಕೆ ಕಟ್ಟಿ ರಾಡನ್ನು ಬಿಲ್ಲಿನಂತೆ ಬಗ್ಗಿಸಿ ನೋಡಿ. ಯಾವ ಗೈಡಿನಲ್ಲಿ ದಾರ ಥಟ್ಟನೆ ಮೂಲೆ ತಿರುಗುತ್ತದೆಯೋ ಅದರ ನೆರೆಯ ಗೈಡನ್ನು ಅದರತ್ತ ಸರಿಸುತ್ತ ಹೋದರೆ, ಕೊನೆಗೆ ದಾರ ಬ್ಲಾಂಕಿನ ಬಾಗನ್ನು ಹಿಂಬಾಲಿಸುತ್ತದೆ. ನಾನು ಒಮ್ಮೆ ಇದಕ್ಕಾಗಿ ಇಡೀ ಭಾನುವಾರ ಕಳೆದಿದ್ದೇನೆ.

ಎರಡು ತುಂಡುಗಳು ಕೂಡುವ ಕಡೆ ಗೈಡ್ ಬರದಂತೆ ನೋಡಿಕೊಳ್ಳಿ. ಹೆಣ್ಣು ತುಂಡಿನ ಬಾಯಿಗೆ ಗೈಡ್ ಇಲ್ಲದಿದ್ದರೂ ಅರ್ಧ ಅಂಗುಲ ದಾರ ಸುತ್ತಿ ಎಪಾಕ್ಸಿ ಹಾಕಲೇಬೇಕು. ಇಲ್ಲವಾದರೆ ಮೊದಲ ದೊಡ್ಡ ಅವಲು ಮೀನು ಎಳೆದಾಗ ಅದು ಬಿದಿರಿನಂತೆ ಸೀಳುತ್ತದೆ. ಗೈಡಿನ ಕಾಲಿನ ತುದಿಯನ್ನು ಸಣ್ಣ ಅರದಿಂದ ಉಜ್ಜಿ ಚೂಪು ಮಾಡಿದರೆ ದಾರ ಅದರ ಮೇಲೆ ಎಡವದೆ ಹತ್ತುತ್ತದೆ, ಆದರೆ ಅಡಿಯಲ್ಲಿ ಅಲಗು ಉಳಿದರೆ ಕಾರ್ಬನ್ನಿಗೆ ಗಾಯವಾಗುತ್ತದೆ. ದಾರವನ್ನು ಹೆಬ್ಬೆರಳಿನಿಂದ ಒತ್ತಿದರೆ ಗೈಡ್ ಕೂದಲೆಳೆಯಷ್ಟು ಸರಿಯುವಷ್ಟೇ ಬಿಗಿಯಾಗಿ ಸುತ್ತಬೇಕು, ಸಾಲು ಸರಿಪಡಿಸಲು ಆ ಸಡಿಲ ಬೇಕಾಗುತ್ತದೆ. ಸಣ್ಣ ಗೈಡುಗಳಿಗೆ ಎ ಗಾತ್ರದ ತೆಳು ದಾರವನ್ನೇ ಬಳಸಿ, ಎಪಾಕ್ಸಿಯನ್ನೂ ತೆಳುವಾಗಿಯೇ ಬಳಿಯಿರಿ. ಗೈಡಿನಲ್ಲಿ ಉಳಿಸಿದ ಭಾರವನ್ನು ಎಪಾಕ್ಸಿಯ ರೂಪದಲ್ಲಿ ತುದಿಗೆ ಮರಳಿ ಏರಿಸಿದವರನ್ನು ನಾನು ಬಹಳ ಕಂಡಿದ್ದೇನೆ. ನಿಮ್ಮ ರಾಡಿನಲ್ಲಿ ಇಳಿದು ನಿಂತಿರುವ ಆ ಹನಿಯನ್ನು ಎರಡನೆಯ ಪದರ ಬಳಿಯುವ ಮೊದಲೇ ಹೊಸ ಬ್ಲೇಡಿನಿಂದ, ದಾರಕ್ಕೆ ತಾಗದಂತೆ ಕೆತ್ತಿ ತೆಗೆಯಿರಿ.