ಎಡ್ಮಂಟನ್ ಹಿತ್ತಲಿಗೆ ಸಹಾಯ ಬೇಕು: ಹಿಮ ಕರಗಿತು, ಹುಲ್ಲು ಹಾಳು

ಎಲ್ಲರಿಗೂ ನಮಸ್ಕಾರ. ಕೆನಡಾದ ಎಡ್ಮಂಟನ್ ಕಡೆ ಹಿತ್ತಲು ನೋಡಿಕೊಳ್ಳುವ ಕನ್ನಡದವರು ಇದ್ದರೆ ಸ್ವಲ್ಪ ಹೇಳಿ. ಬೇಲಿಯ ಉದ್ದಕ್ಕೂ ಹುಲ್ಲಿನಲ್ಲಿ ಎರಡು ಬೆರಳಗಲದ ದಾರಿಗಳು ಬಿದ್ದಿವೆ. ಹಿಮದ ಅಡಿಯಲ್ಲಿ ವೋಲ್ ಇಲಿಗಳು ಓಡಾಡಿ ಮೇಯ್ದಿವೆಯಂತೆ, ಪಕ್ಕದ ಮನೆಯವರು ಹೇಳಿದರು. ಡ್ರೈವ್‌ವೇ ಹಿಮ ಗುಡ್ಡೆ ಹಾಕುವ ಜಾಗದಲ್ಲಂತೂ ಜೇಡರ ಬಲೆಯ ಹಾಗೆ ಬಿಳಿ ಬೂಷ್ಟು. ರೇಕ್‌ನಿಂದ ಮೆಲ್ಲಗೆ ಕೆದರಿ ಗಾಳಿಯಾಡಲು ಬಿಟ್ಟಿದ್ದೇನೆ, ಸುಮ್ನೆ ಔಷಧಿ ಹೊಡೆಯೋದು ಬೇಡ ಅಂತ ನನ್ನ ಲೆಕ್ಕ.

ಬೀಜ ಹಾಕೋಕೆ ಮಣ್ಣು ಬೆಚ್ಚಗಾಗಬೇಕಲ್ವಾ, ಮೇ ಮಧ್ಯದವರೆಗೆ ಕಾಯಲೇ? ಕೆಂಟಕಿ ಬ್ಲೂಗ್ರಾಸ್ ಹುಲ್ಲು ಮೊಳೆಯೋಕೇ ಎರಡು ಮೂರು ವಾರ ಬೇಕು, ಅದಕ್ಕೆ ಫೆಸ್ಕ್ಯೂ ಅನ್ನೋ ಇನ್ನೊಂದು ಹುಲ್ಲಿನ ಬೀಜ ಬೆರೆಸಿದವರು ಇದ್ದೀರಾ? ನಮ್ಮದು ಅಂಟು ಜೇಡಿಮಣ್ಣು.

ಇನ್ನೊಂದು ವಿಷಯ. ಗಾಳಿ ತಡೆಯೋಕೆ ಗಿಡದ ಬೇಲಿ ಬೇಕು. ಸೀಡರ್ ನೋಡೋಕೆ ಚೆಂದ, ಆದರೆ ಇಲ್ಲಿಯ ಚಳಿಗಾಲದ ಬಿಸಿಲು ಗಾಳಿಗೆ ಒಣಗಿ ಕಂದಾಗುತ್ತದೆ. ಕ್ಯಾರಗಾನಾ ಪೊದೆ ಮೈನಸ್ 40ಕ್ಕೂ ಜಗ್ಗುವುದಿಲ್ಲ, ಕಾಯಿ ಸಿಡಿದು ಕಂಡ ಕಂಡಲ್ಲಿ ಹುಟ್ಟುತ್ತದೆ ಅನ್ನೋದೇ ತಲೆನೋವು. ಲೈಲಾಕ್ ಹಾಕಿದವರು ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಟ್ಟಿರಿ?

ಮೂಲೆಯ ಎಲ್ಮ್ ಮರದ ನೆರಳು ಜಾಸ್ತಿ. ನಮ್ಮ ಆಲ್ಬರ್ಟಾ ಪ್ರಾಂತ್ಯದಲ್ಲಿ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಅದರ ಕೊಂಬೆ ಕತ್ತರಿಸುವಂತಿಲ್ಲ, ಹಾಗಾಗಿ ಅದರ ಕೆಳಗೆ ಏನು ಬದುಕುತ್ತದೆ ಅಂತಾನೂ ಹೇಳಿ. ಫೋಟೋ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.