ಆರ್‌ಎಕ್ಸ್ 100 ಕಾರ್ಬ್ಯುರೇಟರ್: ಗಾಳಿ ಪೈಪ್, ಓವರ್‌ಫ್ಲೋ ಪೈಪ್ ಹೇಗೆ ಬಿಡಬೇಕು?

ಪ್ರಶ್ನೆ (ಕಾಪು): 1994ರ ಯಮಹಾ ಆರ್‌ಎಕ್ಸ್ 100. ಕಾರ್ಬ್ಯುರೇಟರ್ (ಪೆಟ್ರೋಲು, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ಹೊಸ ಕಿಟ್ ಹಾಕಿಸಿದ್ದು. ಸ್ಟಾರ್ಟಿಂಗ್, ಐಡ್ಲಿಂಗ್ ಚೆನ್ನಾಗುಂಟು. ಹೈವೇಯಲ್ಲಿ ಫುಲ್ ಥ್ರಾಟಲ್ ಕೊಟ್ಟರೆ ಸ್ವಲ್ಪ ದೂರಕ್ಕೆ ಎಳೆತ ಹೋಗ್ತದೆ, ಐದು ನಿಮಿಷ ನಿಲ್ಲಿಸಿದರೆ ಪುನಃ ಸರಿ. ಟ್ಯಾಂಕಿನ ಮುಚ್ಚಳ ಸಡಿಲ ಬಿಟ್ಟರೂ ಹಾಗೇ. ಕಾರ್ಬ್ಯುರೇಟರ್ ಬಾಡಿಯ ಎರಡು ಬದಿಯ ನಿಪ್ಪಲ್‌ಗಳನ್ನು (ಪೈಪ್ ಸಿಕ್ಕಿಸುವ ಸಣ್ಣ ಮೂತಿ) ಒಂದೇ ಪೈಪಿನಿಂದ ಸೇರಿಸಿದ್ದಾರೆ. ಬೌಲ್ (ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ತಳದ ನಿಪ್ಪಲ್ ತೊಟ್ಟಿಕ್ಕುತ್ತದೆ ಅಂತ ಅದಕ್ಕೆ ರಬ್ಬರ್ ಟೋಪಿ ಹಾಕಿದ್ದಾರೆ. ಇದು ಸರಿಯಾ ಅಣ್ಣ?

ಉತ್ತರ: ಎರಡೂ ತಪ್ಪು, ತೊಂದರೆಯ ಮೂಲವೂ ಅಲ್ಲೇ. ಬದಿಯ ಎರಡು ನಿಪ್ಪಲ್ ಇರುವುದು ಬೌಲ್ ಒಳಗೆ ಹೊರಗಿನ ಗಾಳಿಯ ಒತ್ತಡ ಉಳಿಸಲಿಕ್ಕೆ. ಆ ಒತ್ತಡವೇ ಪೆಟ್ರೋಲನ್ನು ಮೈನ್ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತಿನ ಬಿಡಿಭಾಗ) ಮೂಲಕ ಮೇಲೆ ದೂಡುವುದು. ಅವೆರಡನ್ನು ಒಂದಕ್ಕೊಂದು ಸೇರಿಸಿದರೆ ಎರಡೂ ಮುಚ್ಚಿದ ಲೆಕ್ಕ. ತಳದ ನಿಪ್ಪಲ್, ಅಂದರೆ ಹೆಚ್ಚಾದ ಪೆಟ್ರೋಲ್ ಹೊರಬೀಳುವ ಓವರ್‌ಫ್ಲೋ, ತೆರೆದಿದ್ದರೆ ಅದರಿಂದಾದರೂ ಸ್ವಲ್ಪ ಗಾಳಿ ಹೋಗುತ್ತಿತ್ತು, ಅದಕ್ಕೂ ಟೋಪಿ ಬಿದ್ದಿದೆ. ಐಡ್ಲಿಂಗ್‌ಗೆ ಬೇಕಾದ್ದು ಅಲ್ಪ, ಹಾಗಾಗಿ ಗೊತ್ತಾಗುವುದಿಲ್ಲ. ಫುಲ್ ಥ್ರಾಟಲ್‌ನಲ್ಲಿ ಬೌಲಿನ ಒತ್ತಡ ಇಳಿದು ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಆಗ್ತದೆ. ಟೂ-ಸ್ಟ್ರೋಕಿನಲ್ಲಿ ಲೀನ್ ಅಂದರೆ ಪಿಸ್ಟನ್ ಜಾಮ್‌ಗೆ ದಾರಿ. ಸರಿ ಮಾಡುವವರೆಗೆ ದಯವಿಟ್ಟು ಹೈವೇಗೆ ಇಳಿಸಬೇಡಿ.

ಪೈಪ್ ಬಿಚ್ಚಿ ಪ್ರತಿ ನಿಪ್ಪಲ್‌ಗೆ ಬೇರೆ ಬೇರೆ ಪೈಪ್ ಹಾಕಿ, ಎಂಜಿನ್ನಿನ ಹಿಂದೆ ಕೆಳಗೆ ಬಿಡಿ. ಸೈಲೆನ್ಸರ್, ಚೈನು ತಾಗಬಾರದು, ಎಲ್ಲಿಯೂ ಮಡಿಚಬಾರದು. ತುದಿಯನ್ನು ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದ ತುದಿಯಲ್ಲಿ ನೀರಿನ ಹನಿ ಪೊರೆ ಕಟ್ಟಿ ನಿಲ್ಲುತ್ತದೆ, ಕೆಸರಿಗೆ ಒತ್ತಿದರೆ ಪೂರ್ತಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಟೋಪಿ ತೆಗೆದರೆ ಪುನಃ ತೊಟ್ಟಿಕ್ಕುವುದಿಲ್ವಾ?

ಉತ್ತರ: ತೊಟ್ಟಿಕ್ಕಲಿ, ಅದು ರೋಗ ಹೇಳುತ್ತಿದೆ. ಟೋಪಿ ಹಾಕಿದರೆ ಆ ಪೆಟ್ರೋಲು ಇನ್‌ಟೇಕ್ ಮೂಲಕ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಗಿನ ಕೋಣೆ) ಇಳಿಯಬಹುದು. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ನೀಡಲ್, ಅದು ಕೂರುವ ಸೀಟ್ ಎರಡನ್ನೂ ಒಟ್ಟಿಗೆ ಬದಲಿಸಿ. ಫ್ಲೋಟನ್ನು (ನೀಡಲ್ ಎತ್ತುವ ತೇಲುಬುಂಡೆ) ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದರೆ ತೂತುಂಟು. ಟ್ಯಾಂಕಿನ ತುಕ್ಕು ಬಂದು ಸೀಟಿನಲ್ಲಿ ಕೂರುವುದೂ ನಮ್ಮ ಕರಾವಳಿಯಲ್ಲಿ ಸಾಮಾನ್ಯ.

ಹೆಚ್ಚಿನವರು ನೋಡದೆ ಬಿಡುವುದು ಬೌಲ್ ಒಳಗೆ ನಿಂತು ತಳದ ನಿಪ್ಪಲ್‌ಗೆ ಇಳಿಯುವ ಹಿತ್ತಾಳೆ ನಳಿಗೆಯನ್ನು. ಬೌಲ್ ಕಳಚಿ ಸಮತಟ್ಟಾಗಿ ಹಿಡಿದು, ನಳಿಗೆಯ ಬಾಯಿಗಿಂತ ತುಸು ಕೆಳಗಿನವರೆಗೆ ಪೆಟ್ರೋಲ್ ತುಂಬಿ, ಹತ್ತು ನಿಮಿಷ ಬಿಡಿ. ತಳದ ನಿಪ್ಪಲ್ ಒದ್ದೆಯಾದರೆ ನಳಿಗೆ ಸೀಳಿದೆ, ಅಥವಾ ಬುಡದಲ್ಲಿ ಸಡಿಲ. ಆಗ ಎಷ್ಟು ಕಿಟ್ ಹಾಕಿದರೂ ಪ್ರಯೋಜನ ಇಲ್ಲ, ಬೌಲ್ ಬದಲಿಸುವುದೇ ವಾಸಿ.

ಪ್ರಶ್ನೆ (ಸುರತ್ಕಲ್): ಪೈಪ್ ಯಾವುದು ತಗೊಳ್ಳಬೇಕು? ಅಕ್ವೇರಿಯಂ ಪೈಪ್ ಆಗ್ತದಾ?

ಉತ್ತರ: ಬೇಡ. ಅದು ಪೆಟ್ರೋಲ್ ಆವಿಗೆ ಹಳದಿಯಾಗಿ ಕಡ್ಡಿಯ ಹಾಗೆ ಗಟ್ಟಿಯಾಗ್ತದೆ. ಸಾದಾ ಸಿಲಿಕಾನ್ ಪೈಪ್ ಉಬ್ಬುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಸೇರಿದ ಪೆಟ್ರೋಲು, ಹಳೆ ರಬ್ಬರಿಗೆ ಆಗುವುದಿಲ್ಲ. ಎಥನಾಲ್ ತಡೆಯುವ ಫ್ಯೂಯೆಲ್ ಹೋಸ್ ಅಂತಲೇ ಕೇಳಿ. ನಿಪ್ಪಲ್ಲಿನ ಹೊರವ್ಯಾಸವನ್ನು ವರ್ನಿಯರ್‌ನಲ್ಲಿ (ದಪ್ಪ ಅಳೆಯುವ ಸಾಧನ) ಅಳೆದು, ಅದಕ್ಕಿಂತ ಒಳವ್ಯಾಸ ಅರ್ಧ ಮಿ.ಮೀ. ಕಡಿಮೆ ಇರುವ ಪೈಪ್ ತಗೊಂಡು, ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ತೂರಿಸಿ. ಪೆಟ್ರೋಲ್ ಪೈಪಿಗೆ ಸ್ಪ್ರಿಂಗ್ ಕ್ಲಿಪ್ ಬೇಕು, ತಂತಿ ಬಿಗಿದರೆ ರಬ್ಬರ್ ಸೀಳುತ್ತದೆ. ಗಾಳಿ ಪೈಪಿಗೆ ಕ್ಲಿಪ್ ಬೇಡ. ಹಳೆ ಪೈಪನ್ನು ಎಳೆಯಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ನಿಪ್ಪಲ್ ಒತ್ತಿ ಕೂರಿಸಿದ್ದು, ಎಳೆದರೆ ಕಿತ್ತು ಬರ್ತದೆ.

ಎಂಜಿನ್ನಿಗೆ ಆಯಿಲ್ ಕೊಡುವ ಪಂಪಿನಿಂದ ಬರುವ ಸಪೂರ ಪೈಪ್ ಬೇರೆ. ಗೊಂದಲ ಆದರೆ ಪಂಪಿನ ಕಡೆಯಿಂದ ಹಿಡಿದುಕೊಂಡು ಬನ್ನಿ. ಅದನ್ನು ಬಿಚ್ಚಿದ್ದರೆ ಗಾಳಿ ಪೂರ್ತಿ ತೆಗೆಯದೆ ಓಡಿಸಲೇಬಾರದು.

ಪ್ರಶ್ನೆ: ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಗಾಡಿ ಆಫ್ ಆಗುವುದೂ ಇದರಿಂದಲಾ?

ಉತ್ತರ: ಅದಕ್ಕೂ ಕಾರಣ ಆಗಬಹುದು, ಪ್ಲಗ್ ಕ್ಯಾಪ್ ಮೊದಲು ನೋಡಿ. ಎರಡೂ ಗಾಳಿ ಪೈಪಿನ ತುದಿ ಮುಳುಗಿದರೆ ಮುಚ್ಚಿದ ಹಾಗೆಯೇ. ಒಂದನ್ನು ಕೆಳಗೆ ಬಿಟ್ಟು, ಇನ್ನೊಂದನ್ನು ಟ್ಯಾಂಕಿನ ಅಡಿಗೆ ಏರಿಸಿ, ಬಾಯಿ ಕೆಳಮುಖ ಮಾಡಿ ಕಟ್ಟಿ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಾದರೆ ತುದಿಯಲ್ಲಿ ಕಣಜ ಮಣ್ಣು ಮೆತ್ತಿದೆಯಾ ನೋಡಿ. ಪೈಪನ್ನು ಕಾರ್ಬ್ಯುರೇಟರಿನಿಂದ ಕಳಚಿ ಊದಿ. ಹಾಗೇ ಊದಿದರೆ ಮಣ್ಣು ಒಳಗೆ ಹೋಗ್ತದೆ.